ಮುಂಬಯಿಯನ್ನು ಮತ್ತೆ ಕೇಳಬೇಕಿತ್ತು

1956ರ ಆರಂಭದಲ್ಲಿ ಮುಂಬಯಿಯ ಬೈಕುಲ್ಲಾದ ಗಿರಣಿ ಕಾರ್ಮಿಕರು ಇದ್ದದ್ದು ಕನ್ನಡ, ಮರಾಠಿ, ಗುಜರಾತಿ ಜಿಲ್ಲೆಗಳು ಕೂಡಿದ್ದ ಹಳೆಯ ಮುಂಬಯಿ ರಾಜ್ಯದಲ್ಲಿ. ಜನವರಿ 16ರಂದು ಪ್ರಧಾನಿ ನೆಹರೂ ಮುಂಬಯಿ ನಗರವನ್ನು ಕೇಂದ್ರಾಡಳಿತಕ್ಕೆ ಒಪ್ಪಿಸುವುದಾಗಿ ಸಾರಿದರು. ನವೆಂಬರ್ 1ರ ಹೊತ್ತಿಗೆ ಅದೇ ನಗರ ವಿದರ್ಭದಿಂದ ಕಚ್ಛದವರೆಗೆ ಹಬ್ಬಿದ ದ್ವಿಭಾಷಾ ರಾಜ್ಯದ ರಾಜಧಾನಿಯಾಗಿತ್ತು. ನಮ್ಮಲ್ಲಿ ರಾಜ್ಯ ಕಟ್ಟುವ ಪದ್ಧತಿಯ ಬಲವೂ ದೋಷವೂ ಈ ಒಂದೇ ವರ್ಷದಲ್ಲಿ ಕಾಣಸಿಗುತ್ತವೆ.

ಸಂವಿಧಾನದ 3ನೇ ವಿಧಿಯಂತೆ ರಾಜ್ಯಗಳ ಗಡಿ ಬದಲಿಸುವ ಅಧಿಕಾರ ಸಂಸತ್ತಿನದು. ರಾಷ್ಟ್ರಪತಿ ಮಸೂದೆಯನ್ನು ಆಯಾ ಶಾಸನಸಭೆಗೆ ಕಳುಹಿಸಿ ಅಭಿಪ್ರಾಯ ಕೇಳಿದರೆ ಸಾಕು, ಒಪ್ಪಿಗೆ ಬೇಕಿಲ್ಲ. ಅಮೆರಿಕದ ಸಂವಿಧಾನ ಹಾಗಲ್ಲ: ಇರುವ ರಾಜ್ಯವನ್ನು ಒಡೆಯಲು ಅದರ ಶಾಸನಸಭೆ ಒಪ್ಪಲೇಬೇಕು.    ಅಮೆರಿಕದ ನಿಯಮವೇ ನಮ್ಮಲ್ಲಿದ್ದಿದ್ದರೆ, ಮುಂಬಯಿಯೋ ಹೈದರಾಬಾದೋ ಮದ್ರಾಸೋ ಯಾವುದೊಂದು ಬೇಡವೆಂದಿದ್ದರೂ ಕರ್ನಾಟಕದ ಏಕೀಕರಣ ಅಲ್ಲಿಗೇ ನಿಲ್ಲುತ್ತಿತ್ತು. ಧಾರವಾಡ, ಬಿಜಾಪುರ, ಬೆಳಗಾವಿ, ಉತ್ತರ ಕನ್ನಡ ನಮಗೆ ದಕ್ಕಿದ್ದು 3ನೇ ವಿಧಿಯಿಂದ. ಮುಂಬಯಿ ಕನ್ನಡಿಗರು ಆ ಋಣವನ್ನು ಮರೆಯಬಾರದು.

ದೋಷವಿರುವುದು ಕೇಳುವ ಬಗೆಯಲ್ಲಿ. 1956ರಲ್ಲಿ ಮುಂಬಯಿ ಶಾಸನಸಭೆಗೆ ಬಂದ ಮಸೂದೆಯಲ್ಲಿದ್ದದ್ದು ಮೂರು ಘಟಕಗಳು: ಮಹಾರಾಷ್ಟ್ರ, ಗುಜರಾತ್, ಕೇಂದ್ರಾಡಳಿತದ ಮುಂಬಯಿ. ಸಭೆ ಅಭಿಪ್ರಾಯ ಹೇಳಿದ್ದು ಇದರ ಮೇಲೆ. ಆಮೇಲೆ ಸಂಸತ್ತು ಮೂರನ್ನೂ ಒಂದುಗೂಡಿಸಿತು; ಹೊಸ ರೂಪ ಶಾಸನಸಭೆಗೆ ಮರಳಲೇ ಇಲ್ಲ. ಬಾಬುಲಾಲ್ ಪರಾಟೆ ಎಂಬವರು ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದಾಗ, ತಿದ್ದುಪಡಿಯಾದಾಗಲೆಲ್ಲ ಮತ್ತೆ ಕೇಳಬೇಕಿಲ್ಲ ಎಂದು 1959ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಸಣ್ಣಪುಟ್ಟ ತಿದ್ದುಪಡಿಗಳಿಗೆ ಈ ಮಾತು ಸರಿ. ಇಲ್ಲಿ ಬದಲಾದದ್ದು ರಾಜ್ಯವೇ.

ಸಭೆಯಲ್ಲಿ ಕೇಳದ ಪ್ರಶ್ನೆಗೆ ಜನ ಬೀದಿಯಲ್ಲಿ ಉತ್ತರಿಸಿದರು. ಮುಂಬಯಿ ಸೇರಿದ ಮರಾಠಿ ರಾಜ್ಯಕ್ಕಾಗಿ, ದ್ವಿಭಾಷಾ ರಾಜ್ಯಕ್ಕೂ ಮೊದಲೇ ಶುರುವಾಗಿದ್ದ ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಒಟ್ಟು ನೂರಕ್ಕೂ ಹೆಚ್ಚು ಮಂದಿ ಪ್ರಾಣ ತೆತ್ತರು. ಫ್ಲೋರಾ ಫೌಂಟನ್ ಬಳಿಯ ಹುತಾತ್ಮ ಸ್ಮಾರಕ ಅವರದು. 1957ರ ಚುನಾವಣೆಯಲ್ಲಿ ಸಂಯುಕ್ತ ಮಹಾರಾಷ್ಟ್ರ ಸಮಿತಿ ಆಳುವ ಕಾಂಗ್ರೆಸ್ಸಿಗೆ ಭಾರೀ ಪೆಟ್ಟು ಕೊಟ್ಟಿತು. ಮೂರೂವರೆ ವರ್ಷಕ್ಕೇ ದ್ವಿಭಾಷಾ ರಾಜ್ಯ ಮುರಿದು, 1960ರ ಮೇ 1ರಂದು ಮಹಾರಾಷ್ಟ್ರ, ಗುಜರಾತ್ ಹುಟ್ಟಿದವು.

ಮತ್ತೆ ಕೇಳಿದರೆ ಕೆಲಸ ನನೆಗುದಿಗೆ ಬೀಳುತ್ತದೆ ಎಂಬ ವಾದ ನಿಲ್ಲುವುದಿಲ್ಲ. ಉತ್ತರಕ್ಕೆ ಗಡುವು ಹಾಕುವ ಅಧಿಕಾರವನ್ನು 1955ರ ಐದನೇ ತಿದ್ದುಪಡಿಯೇ ರಾಷ್ಟ್ರಪತಿಗೆ ಕೊಟ್ಟಿದೆ. ಸಂಸತ್ತಿನ ಅಧಿಕಾರ ಸಂಸತ್ತಿನಲ್ಲೇ ಇರಲಿ. ಮಸೂದೆಯ ತಿರುಳು ಬದಲಾದರೆ ಗಡುವು ಹಾಕಿಯಾದರೂ ಮರಳಿ ಕೇಳುವುದು ಕಡ್ಡಾಯವಾಗಲಿ.