ಆತ್ಮಹನನೆಂದರೆ ಯಾರು?

ಆತ್ಮಹತ್ಯೆಯ ಮಾತು ಬಂದಾಗ ನಮ್ಮ ಪ್ರವಚನಕಾರರು ಮೊದಲು ಕೈಹಾಕುವುದು ಈಶಾವಾಸ್ಯೋಪನಿಷತ್ತಿನ ಮೂರನೆಯ ಮಂತ್ರಕ್ಕೆ. ಅಲ್ಲಿ ‘ಆತ್ಮಹನ’ರಿಗೆ ಒದಗುವ ಕತ್ತಲೆಯ ಲೋಕಗಳ ಪ್ರಸ್ತಾಪವಿದೆ. ತಾವಾಗಿ ಪ್ರಾಣ ಕಳೆದುಕೊಂಡವರಿಗೆ ಇದೇ ಗತಿಯೆಂದು ವೇದಿಕೆಯಿಂದ ಸಾರುವುದುಂಟು. ಮಂತ್ರದ ಅರ್ಥ ಅದೇ ಏನು? ಶಂಕರಾಚಾರ್ಯರ ಭಾಷ್ಯವನ್ನು ತೆರೆದು ನೋಡಿದ ವಾಚಕರಿಗೆ ಉತ್ತರ ದೊರೆಯುತ್ತದೆ. ಆತ್ಮಹನನೆಂದರೆ ದೇಹವನ್ನು ತ್ಯಜಿಸಿದವನಲ್ಲ. ತನ್ನ ಆತ್ಮಸ್ವರೂಪವನ್ನು ಅರಿಯದೆ ಬಾಳುವ ಅವಿದ್ಯಾವಂತ. ಆ ಲೆಕ್ಕದಲ್ಲಿ ವೇದಿಕೆಯ ಮೇಲಿರುವ ನಾವೂ ಕೆಳಗೆ ಕುಳಿತ ಸಭಿಕರೂ ಬಹುಮಟ್ಟಿಗೆ ಆತ್ಮಹನರೇ. ಅವಿದ್ಯೆಯನ್ನು ಕುರಿತ ಮಂತ್ರವನ್ನು ಗಂಡನನ್ನು ಕಳೆದುಕೊಂಡ ಹೆಣ್ಣುಮಗಳ ತಲೆಯ ಮೇಲೆ ಹೊರಿಸುವುದು ಪಾಂಡಿತ್ಯವಲ್ಲ.

ಇದು ಬರಿಯ ಅರ್ಥನಿರ್ಣಯದ ಪ್ರಶ್ನೆಯಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. 2015ರ ಮುಂಗಾರಿನಲ್ಲಿ ಮಂಡ್ಯದ ಕಬ್ಬಿನ ಸೀಮೆ ಕಂಡದ್ದನ್ನು ಮದ್ದೂರು, ಮಳವಳ್ಳಿ ಕಡೆಯ ಭಕ್ತರು ಮರೆತಿರಲಾರರು. ಸಕ್ಕರೆಯ ಬೆಲೆ ಕುಸಿದಿತ್ತು. ಕಾರ್ಖಾನೆಗಳಿಂದ ಕಬ್ಬಿನ ಬಾಕಿ ಬಂದಿರಲಿಲ್ಲ. ಕೈಸಾಲದ ಬಡ್ಡಿ ಮಾತ್ರ ನಿಲ್ಲಲಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ ಆ ಒಂದೇ ವರ್ಷದಲ್ಲಿ ಕರ್ನಾಟಕದ ರೈತರು ಮತ್ತು ಕೃಷಿಕಾರ್ಮಿಕರಲ್ಲಿ 1,569 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಸರ್ಕಾರ ಪರಿಹಾರಧನವನ್ನು 5 ಲಕ್ಷ ರೂಪಾಯಿಗೆ ಏರಿಸಿತು. ಸಾಲವೇ ಕಾರಣವೆಂದು ಕೆಲವರು, ಮನೋದೌರ್ಬಲ್ಯವೇ ಕಾರಣವೆಂದು ಕೆಲವರು ವಾದಿಸಿದರು. ಸಾಲ, ಅವಮಾನ, ಕುಡಿತ, ನಿದ್ರೆಗೆಟ್ಟ ಮನಸ್ಸು ಒಂದರೊಳಗೊಂದು ಹೆಣೆದುಕೊಂಡಿರುವಾಗ ಒಂದೇ ಎಳೆಯನ್ನು ಹಿಡಿದು ಜಗ್ಗುವುದರಿಂದ ಗಂಟು ಬಿಗಿಯಾಗುತ್ತದೆ. ಧರ್ಮದ ಹೆಸರಿನವರು ಮೂರನೆಯ ಕಾರಣವನ್ನು ತಂದರು: ಪೂರ್ವಕರ್ಮ. ಸುಲಭವಾದ ಕಾರಣವೇ ಸರಿ. ಕಾರ್ಖಾನೆಯನ್ನೂ ಕೇಳಬೇಕಾಗಿಲ್ಲ, ವೈದ್ಯನನ್ನೂ ಕರೆಯಬೇಕಾಗಿಲ್ಲ.

ಅದೇ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ನೋಡಿರಿ. ಹುಣಿಸೆ ಮರಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆಗಳನ್ನೂ ಬಣ್ಣದ ಕೊಕ್ಕರೆಗಳನ್ನೂ ಆ ಊರಿನವರು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸುತ್ತಾರೆ. ಗೂಡಿನಿಂದ ಬಿದ್ದ ಮರಿಗಳನ್ನು ಆವರಣದೊಳಗಿಟ್ಟು ಮೀನು ತಿನ್ನಿಸಿ ಸಾಕುವ ಕೆಲಸವನ್ನು ಅಲ್ಲಿನ ಹೆಜ್ಜಾರ್ಲೆ ಬಳಗ ಮಾಡಿತು. 2017ರ ಕೊನೆಯಿಂದ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸಾಯತೊಡಗಿದಾಗ ಅವುಗಳ ಪೂರ್ವಜನ್ಮವನ್ನು ಯಾರೂ ಶೋಧಿಸಲಿಲ್ಲ. ಪರೀಕ್ಷೆ ನಡೆಯಿತು, ಹೊಟ್ಟೆ ಸೇರಿದ ಜಂತುಹುಳು ಕಾರಣವೆಂದು ತಿಳಿಯಿತು. ಹಕ್ಕಿಗೆ ಸಲ್ಲುವ ಈ ವಿವೇಕ ಪಕ್ಕದ ಗದ್ದೆಯ ಒಕ್ಕಲಿಗೆ ಸಲ್ಲಬಾರದೆ?

ನಮ್ಮ ನಾಡಿನ ಪರಂಪರೆ ಈ ವಿಷಯದಲ್ಲಿ ಒಂದೇ ಬಾಯಿಂದ ಮಾತನಾಡಿಲ್ಲವೆಂಬುದನ್ನೂ ವಾಚಕರು ಗಮನಿಸಬೇಕು. 1057ರ ಬೆಳತೂರಿನ ಶಾಸನ ಪತಿಯ ಹಿಂದೆ ಪ್ರಾಣಬಿಟ್ಟ ದೇಕಬ್ಬೆಯನ್ನು ಕೊಂಡಾಡುತ್ತದೆ. ಹಳೇಬೀಡಿನ ಶಾಸನ ಒಡೆಯ ವೀರಬಲ್ಲಾಳನಿಗಾಗಿ ಜೀವ ತೆತ್ತ ಕುವರಲಕ್ಷ್ಮನನ್ನು. ಶ್ರವಣಬೆಳಗೊಳದ ಸಲ್ಲೇಖನವನ್ನು ಜೈನರು ಆತ್ಮಹತ್ಯೆಯೆಂದು ಒಪ್ಪುವುದಿಲ್ಲ. ಆ ವ್ರತದ ವಾದ 2015ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಇವುಗಳ ಹಿಂದಿನ ಸಂಕಲ್ಪವನ್ನು ಕುರಿತು ಚರ್ಚಿಸಬಹುದು. ಮನೋರೋಗದಿಂದ ಕುಗ್ಗಿದವನಲ್ಲಿ ಚರ್ಚಿಸಲು ಅಂಥ ಸಂಕಲ್ಪವೇ ಉಳಿದಿರುವುದಿಲ್ಲ.

ಇನ್ನು ವೀರಶೈವರಲ್ಲಿ, ಇಷ್ಟಲಿಂಗ ಕಳೆದುಹೋದರೆ ಪ್ರಾಣವನ್ನೇ ಬಿಡಬೇಕೆಂಬ ಕಟ್ಟುನಿಟ್ಟು ಒಂದು ಕಾಲಕ್ಕೆ ಇತ್ತು. ಅದನ್ನು ದೊಡ್ಡ ನಿಷ್ಠೆಯೆಂದು ಹೊಗಳಿದವರೂ ಇದ್ದರು. ಇಂದು ಗುರುವಿನಿಂದ ಮತ್ತೊಂದು ಲಿಂಗವನ್ನು ಪಡೆದು ಬಾಳನ್ನು ಮುಂದುವರಿಸುವುದೇ ರೂಢಿ. ಇದರಿಂದ ಧರ್ಮಕ್ಕೆ ಕುಂದೇನೂ ಬರಲಿಲ್ಲ. ಲಿಂಗವೇ ಹೋದವನಿಗೆ ಬದುಕುವ ದಾರಿ ತೋರಿದ ಗುರುಪೀಠ ಬೆಳೆ ಹೋದವನಿಗೆ ತೋರಲಾರದೆ?

ಅನ್ಯಧರ್ಮೀಯರೂ ಈ ದಾರಿಯಲ್ಲಿ ನಡೆದಿದ್ದಾರೆ. ರೋಮನ್ ಕ್ಯಾಥೊಲಿಕರ 1917ರ ಧರ್ಮಸಂಹಿತೆ ಬುದ್ಧಿಪೂರ್ವಕವಾಗಿ ಆತ್ಮಹತ್ಯೆ ಮಾಡಿಕೊಂಡವರಿಗೆ ಚರ್ಚಿನ ಅಂತ್ಯಸಂಸ್ಕಾರವನ್ನು ನಿರಾಕರಿಸಿತ್ತು. 1983ರ ಸಂಹಿತೆ ಆ ನಿಷೇಧವನ್ನು ಕೈಬಿಟ್ಟಿತು. ನಮ್ಮ ರಾಜ್ಯಾಂಗದ ಕಾನೂನೂ ಬದಲಾಯಿತು. 1860ರ ದಂಡಸಂಹಿತೆ ಬದುಕುಳಿದವನಿಗೆ ಸೆರೆವಾಸವನ್ನು ವಿಧಿಸುತ್ತಿತ್ತು. 2017ರ ಮಾನಸಿಕ ಆರೋಗ್ಯ ಕಾಯಿದೆ ಅಂಥವನನ್ನು ತೀವ್ರ ಒತ್ತಡಕ್ಕೆ ಸಿಲುಕಿದವನೆಂದು ಭಾವಿಸಿ ಆರೈಕೆ ಒದಗಿಸಬೇಕೆಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ, ಸರ್ಕಾರಿ ನೌಕರನನ್ನು ಒತ್ತಾಯಿಸಲು ಅಥವಾ ತಡೆಯಲು ಮಾಡುವ ಪ್ರಯತ್ನವೊಂದನ್ನು ಬಿಟ್ಟರೆ, ಇದು ಅಪರಾಧವಾಗಿ ಉಳಿದಿಲ್ಲ. ಸರ್ಕಾರ ಕ್ಷಮಿಸಿದವನನ್ನು ಮಠಗಳು ಕ್ಷಮಿಸದಿದ್ದರೆ ಜನ ಏನೆಂದಾರು!

ಮನೋರೋಗಿಯನ್ನು ದೇವಸ್ಥಾನಕ್ಕೆ ಕರೆತರುವುದೇ ತಪ್ಪೆಂದು ನಾವು ಹೇಳುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸಿನ ರಘುರಾಮರೂ ಸಂಗಡಿಗರೂ ತಮಿಳುನಾಡಿನ ಮುತ್ತುಸ್ವಾಮಿ ದೇವಾಲಯದಲ್ಲಿ ತಂಗಿದ್ದ 31 ರೋಗಿಗಳನ್ನು ಪರಿಶೀಲಿಸಿ 2002ರಲ್ಲಿ ವರದಿ ಮಾಡಿದರು. ಔಷಧವಿಲ್ಲದೆಯೇ ಅವರ ರೋಗಲಕ್ಷಣಗಳು ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ತಗ್ಗಿದ್ದವು. ಅಲ್ಲಿ ಗದರಿಕೆಯಿರಲಿಲ್ಲ, ಆಶ್ರಯವೂ ಚಿಕ್ಕಪುಟ್ಟ ಕೆಲಸವೂ ಇದ್ದವು. ಆದರೆ ಅದೇ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಸಮೀಪ ಸರಪಳಿಯಿಂದ ಬಿಗಿದಿಟ್ಟಿದ್ದ ರೋಗಿಗಳು 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಓಡಲಾರದೆ ಸತ್ತರು. ಹೀಗೆ ಸತ್ತವರು 28 ಮಂದಿ. ದೇವರು ಎರಡೂ ಕಡೆ ಇದ್ದ. ವ್ಯತ್ಯಾಸವಿದ್ದುದು ನೋಡಿಕೊಂಡವರಲ್ಲಿ.

ಆದುದರಿಂದ ಮಠಕ್ಕೆ ಬಂದವನಿಗೆ ವಿಭೂತಿಯನ್ನೂ ಕೊಡೋಣ, ವೈದ್ಯನ ವಿಳಾಸವನ್ನೂ ಕೊಡೋಣ. ಹಳ್ಳಿಯವರಿಗೆ ಮನೋವೈದ್ಯ ದುರ್ಲಭನೆಂಬ ಕಾಲ ಕಳೆಯುತ್ತಿದೆ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರಲ್ಲಿ ಆರಂಭವಾದ ಟೆಲಿಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳು ಉಚಿತವಾಗಿ ಕನ್ನಡದಲ್ಲಿಯೇ ಮಾತನಾಡಬಹುದು. ನಮ್ಮ ಮಠಗಳ ದಾಸೋಹಮಂದಿರದ ಗೋಡೆಯ ಮೇಲೆ ಈ ಐದು ಅಂಕಿಗಳಿಗೆ ಸ್ಥಳವಿರಲಿ.

ಉಳಿದದ್ದು ಅಂತ್ಯಕ್ರಿಯೆಯ ವಿಷಯ. ಆತ್ಮಹತ್ಯೆ ಮಾಡಿಕೊಂಡವರ ಮನೆಗೆ ಬರಲು ಕೆಲವು ಕಡೆ ಅಯ್ಯನವರು ಹಿಂಜರಿಯುತ್ತಾರೆಂದು ಭಕ್ತರು ನೊಂದು ಹೇಳುವುದುಂಟು. ಮನುಸ್ಮೃತಿಯ ಐದನೆಯ ಅಧ್ಯಾಯ ಅಂಥವರಿಗೆ ತರ್ಪಣವನ್ನು ನಿಷೇಧಿಸಿದೆ, ನಿಜ. ತರ್ಪಣವೇ ನಮ್ಮ ಪದ್ಧತಿಯಲ್ಲ. ಅದರ ನಿಷೇಧ ಮಾತ್ರ ನಮ್ಮದಾದುದು ಹೇಗೆ? ಪಂಚಸೂತಕಗಳನ್ನೇ ಅಲ್ಲಗಳೆದ ಧರ್ಮದಲ್ಲಿ ಒಂದು ಸಾವು ಶುದ್ಧ, ಇನ್ನೊಂದು ಅಶುದ್ಧವೆಂಬ ಭೇದಕ್ಕೆ ಎಡೆಯೆಲ್ಲಿದೆ? ಆ ದೇಹಕ್ಕೂ ವಿಭೂತಿ ಧರಿಸಿ, ಅಂಗೈಗೆ ಲಿಂಗವನ್ನಿತ್ತು, ಯಥಾವಿಧಿ ಸಮಾಧಿಕ್ರಿಯೆ ನಡೆಯಬೇಕು. ತಿಂಗಳೊಪ್ಪತ್ತಿನಲ್ಲಿ ಜಂಗಮರು ಆ ಮನೆಗೆ ಮತ್ತೊಮ್ಮೆ ಹೋಗಲಿ. ಹೋಗುವಾಗ ಕಾಗದಪತ್ರ ಬಲ್ಲ ಮಠದ ಹಳೆಯ ವಿದ್ಯಾರ್ಥಿಯೊಬ್ಬನನ್ನು ಜೊತೆಗೆ ಕರೆದೊಯ್ಯಲಿ. ಪರಿಹಾರದ ಅರ್ಜಿ, ಬ್ಯಾಂಕಿನ ನೋಟೀಸು, ಮಕ್ಕಳ ಶಾಲೆಯ ಶುಲ್ಕ ಇವೆಲ್ಲ ಆ ಹೊತ್ತಿಗೆ ಒಟ್ಟಿಗೇ ಬಂದು ನಿಂತಿರುತ್ತವೆ.