ಶ್ರಮಿಕನ ಮನೆಯೂ ಸ್ಮಾರಕವೆ?

ಸ್ಮಾರಕವೆಂದೊಡನೆ ದೇಗುಲ, ಕೋಟೆ, ಅರಮನೆಗಳೇ ನೆನಪಿಗೆ ಬರುವುದು ರೂಢಿ. 2018ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮುಂಬಯಿಯ ಕಟ್ಟಡಗಳೂ ವಿಕ್ಟೋರಿಯನ್ ಗಾಥಿಕ್ ಮತ್ತು ಆರ್ಟ್ ಡೆಕೊ ಶೈಲಿಯವೇ ಆಗಿವೆ. ಅದೇ ನಗರದಲ್ಲಿ, 1920ರ ದಶಕದಲ್ಲಿ ಸರಕಾರವು ಕಟ್ಟಿಸಿದ ಬಿ.ಡಿ.ಡಿ. ಚಾಳುಗಳು ನೆಲಸಮವಾಗಿ, ಅವುಗಳ ಎಡೆಯಲ್ಲಿ ಬಹುಮಹಡಿಯ ಗೋಪುರಗಳು ಏಳುತ್ತಿವೆ. ಶಿಲ್ಪಿಯ ಹೆಸರಿಲ್ಲದ, ಅಲಂಕಾರವಿಲ್ಲದ ಬಡಮನೆಗೆ ಪಾರಂಪರಿಕ ಮೌಲ್ಯವುಂಟೆ, ಇದ್ದರೆ ಅದು ಯಾವುದರಲ್ಲಿ ಅಡಗಿದೆ ಎಂಬುದು ಆದಕಾರಣ ವಿಚಾರಾರ್ಹವಾಗಿದೆ. ಈ ಪ್ರಶ್ನೆಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರವು ಕೊಟ್ಟ ಉತ್ತರವನ್ನು ಪರೀಕ್ಷಿಸುವುದು ಉಚಿತ.

ಅಲ್ಲಿಯ ಇಂಜ್ ಸ್ಟ್ರೀಟ್ ಮತ್ತು ಹರ್ಸ್ಟ್ ಸ್ಟ್ರೀಟ್ ಕೂಡುವ ಮೂಲೆಯಲ್ಲಿ, 19ನೆಯ ಶತಮಾನದ ಮೊದಲ ದಶಕಗಳಲ್ಲಿ ಕಟ್ಟಿದ 11 ಪುಟ್ಟ ಮನೆಗಳ ಗುಂಪೊಂದಿದೆ. ಒಂದು ಮನೆಯ ಹಿಂಗೋಡೆಯೇ ಇನ್ನೊಂದರ ಹಿಂಗೋಡೆ. ಒಂದು ಸಾಲು ಬೀದಿಗೆ, ಮತ್ತೊಂದು ಒಳಗಿನ ಅಂಗಳಕ್ಕೆ ಮುಖಮಾಡಿದೆ. ಮೂರು ಅಂತಸ್ತು, ಅಂತಸ್ತಿಗೊಂದೇ ಕೋಣೆ. ಹಿಂಬದಿಗೆ ಕಿಟಕಿಯಿಲ್ಲದುದರಿಂದ ಗಾಳಿಯಾಡದು. ಬಟ್ಟೆ ಒಗೆಯುವ ಮನೆ, ಪಾಯಿಖಾನೆಗಳು ಅಂಗಳದಲ್ಲಿ ಎಲ್ಲರಿಗೂ ಸಾಮಾನ್ಯ. ಕಡಿಮೆ ನೆಲ, ಕಡಿಮೆ ಇಟ್ಟಿಗೆ, ಹೆಚ್ಚು ಬಾಡಿಗೆ ಎಂಬ ಲೆಕ್ಕವೇ ಈ ವಿನ್ಯಾಸದ ಮೂಲ. ಆ ನಗರದಲ್ಲಿ ಸಾವಿರಾರು ಸಂಖ್ಯೆಯಲ್ಲಿದ್ದ ಇಂಥ ಮನೆಗಳ ಪೈಕಿ ಅಂಗಳಸಮೇತ ಉಳಿದುದು ಇದೊಂದೇ ಗುಂಪು. 1960ರ ದಶಕದಲ್ಲಿ ನಿವಾಸಿಗಳು ತೆರಳಿದರೂ ಬೀದಿಬದಿಯ ಅಂಗಡಿಗಳು ನಡೆದುದರಿಂದ ಕಟ್ಟಡವು ಬದುಕಿಕೊಂಡಿತು. 1988ರಲ್ಲಿ ಸಂರಕ್ಷಿತ ಪಟ್ಟಿಗೆ ಸೇರಿ, ಜೀರ್ಣೋದ್ಧಾರಗೊಂಡು, 2004ರಲ್ಲಿ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಆಶ್ರಯದಲ್ಲಿ ಸಾರ್ವಜನಿಕರಿಗೆ ತೆರೆಯಿತು.

ಈ ಜೀರ್ಣೋದ್ಧಾರದ ಮುಖ್ಯ ಗುಣವೆಂದರೆ ಅದು ಮನೆಗಳನ್ನು ಒಂದೇ ಕಾಲದಲ್ಲಿ ನಿಲ್ಲಿಸಲಿಲ್ಲ. 1840ರ ದಶಕದಲ್ಲಿ ಗಡಿಯಾರದ ಮುಳ್ಳುಗಳನ್ನು ತಯಾರಿಸುತ್ತಿದ್ದ ಯೆಹೂದಿ ಕುಟುಂಬ, 1870ರ ದಶಕದ ಗಾಜಿನ ಕಣ್ಣುಗಳ ಕಸಬುದಾರರು, 1930ರ ದಶಕದ ಬೀಗದ ಕೆಲಸದವರು, 1970ರ ದಶಕದಲ್ಲಿ ಸೇಂಟ್ ಕಿಟ್ಸ್ ದ್ವೀಪದಿಂದ ಬಂದ ದರ್ಜಿಯ ಅಂಗಡಿ ಹೀಗೆ ನಾಲ್ಕು ಕಾಲಗಳು ಅಲ್ಲಿ ಒಂದರ ಪಕ್ಕ ಒಂದಾಗಿ ಕಾಣುತ್ತವೆ. ಮನೆಯೇ ಕಾರ್ಖಾನೆಯೂ ಆಗಿದ್ದ ಬಗೆ, ನಗರವನ್ನು ಪರಸ್ಥಳದವರೂ ಕಟ್ಟಿದ ಬಗೆ, ಇವೆರಡೂ ಇದರಿಂದ ಸ್ಪಷ್ಟವಾಗುತ್ತವೆ. ಆದರೆ ದೋಷವೂ ಇಲ್ಲದಿಲ್ಲ. ಮನೆಗೊಂದು ಕುಟುಂಬ, ಕುಟುಂಬಕ್ಕೊಂದು ಕತೆ ಎಂಬ ಅಚ್ಚುಕಟ್ಟಿನಲ್ಲಿ ನಿಜವಾದ ಇಕ್ಕಟ್ಟು ಮರೆಯಾಗುತ್ತದೆ. ದುರ್ಗಂಧ, ರೋಗ, ಬಾಡಿಗೆಯ ಬಾಕಿ ಪ್ರದರ್ಶನಕ್ಕೆ ಒದಗುವಂಥವಲ್ಲ. ಕೆಲವು ಮನೆಗಳನ್ನು ಪ್ರವಾಸಿಗರ ತಂಗುದಾಣವಾಗಿ ಬಾಡಿಗೆಗೆ ಕೊಟ್ಟುದಂತೂ ದಾರಿದ್ರ್ಯವನ್ನು ಒಡವೆಯಾಗಿಸುವ ಅಪಾಯದ ಕುರುಹು.

ಶ್ರಮಿಕನ ಮನೆಯ ಮೌಲ್ಯ ಸೌಂದರ್ಯದ್ದಲ್ಲ, ಸಾಕ್ಷ್ಯದ್ದು. ಶಾಸನವು ದತ್ತಿ ಕೊಟ್ಟವನ ಮಾತನ್ನು ಹೇಳಿದರೆ, ಕೋಣೆಯ ಅಳತೆ ದುಡಿದವನ ಪಾಲನ್ನು ಹೇಳುತ್ತದೆ. ಆದುದರಿಂದ ಒಂದು ಕೋಣೆಯನ್ನು ಕಿತ್ತು ವಸ್ತುಸಂಗ್ರಹಾಲಯದಲ್ಲಿರಿಸಿದರೆ ಸಾಲದು. ಹಂಚಿಕೊಂಡ ನಲ್ಲಿ, ಪಾಯಿಖಾನೆ, ಅಂಗಳಗಳೊಡನೆ ಉಳಿದಾಗಲೇ ಸಾಕ್ಷ್ಯ ಪೂರ್ಣ.

ಈ ಮಾನದಂಡವು ಮುಂಬಯಿಗೂ ಸಲ್ಲುತ್ತದೆ. 160 ಚದರ ಅಡಿಯ ಕೋಣೆಯಲ್ಲಿ ತಲೆಮಾರುಗಳನ್ನು ಕಳೆದವರಿಗೆ 500 ಚದರ ಅಡಿಯ ಮನೆ ದೊರೆಯುವುದು ನ್ಯಾಯ. ಪರಂಪರೆಯ ಹೆಸರಿನಲ್ಲಿ ಅದನ್ನು ತಡೆಯಹೊರಡುವುದು ಅವಿವೇಕ. ಆದರೆ ಒಂದು ಚಾಳಿನ ಒಂದು ಮಹಡಿಯಾದರೂ ಓಣಿ, ಮೋರಿ, ನಲ್ಲಿಗಳ ಸಮೇತ ಉಳಿಯಬೇಕು; ಅಲ್ಲಿ ಬಾಳಿದವರ ಮಾತು ಅವರವರ ಭಾಷೆಯಲ್ಲಿ ದಾಖಲೆಯಾಗಬೇಕು. ದುಡಿಯಲೆಂದು ಈ ನಗರಕ್ಕೆ ಬಂದ ಅನೇಕ ಕನ್ನಡಿಗರ ಮೊದಲ ವಸತಿಯೂ ಚಾಳಿನ ಕೋಣೆಯೇ ಆಗಿತ್ತು. ಅವರ ಬಾಡಿಗೆಯ ರಸೀತಿ, ಊರಿನ ಕಾಗದ, ಮನಿಯಾರ್ಡರ್ ಚೀಟಿಗಳನ್ನು ಸಂಗ್ರಹಿಸುವುದು ಇಲ್ಲಿಯ ಕನ್ನಡ ಸಂಘಗಳ ಸಂಶೋಧನೆಗೆ ಸಹಜವಾಗಿ ಸೇರಿದ ಕಾರ್ಯ. ಗೋಡೆಗಳು ಬಿದ್ದ ಮೇಲೆ ಆ ಕಾಗದಗಳೂ ಚದುರಿಹೋಗುವುವಾದ್ದರಿಂದ ಅದಕ್ಕಿರುವ ಅವಧಿ ಬಹಳವಿಲ್ಲ.