ಗಾಂಧಾರಿಯ ಪಟ್ಟಿ ಯಾವುದು?

ಭೀಮಸೇನ ಜೋಶಿಯವರ ದಾಸರ ಪದಗಳ ಮರುಬಿಡುಗಡೆಗಳನ್ನು ಒಂದರ ಪಕ್ಕ ಒಂದಿಟ್ಟು ಕೇಳೋಣ ಎಂದು ಹೋದ ವಾರ ಬರೆದಿದ್ದೆ. ಎಲ್‌ಪಿ, ಕ್ಯಾಸೆಟ್ಟು, ಸಿಡಿ, ಈಗ ಮತ್ತೆ ಎಲ್‌ಪಿ, ಹೀಗೆ ಅವೇ ಪದಗಳು ನಾಲ್ಕು ಸಲ ನನ್ನ ಕಪಾಟಿಗೆ ಬಂದಿವೆ. ಟಿಪ್ಪಣಿ ಮಾಡಿಟ್ಟುಕೊಂಡಿದ್ದೆ, ಬರೆಯಲು ಕೂಡುವುದಷ್ಟೇ ಬಾಕಿಯಿತ್ತು. ಆದರೆ ಮಂಗಳವಾರ ಸಂಜೆ ಹುಬ್ಬಳ್ಳಿಯಿಂದ ಸತ್ತೂರಿಗೆ ಚಿಗರಿ ಬಸ್ಸಿನಲ್ಲಿ ಬರುವಾಗ ತೊಡೆಯ ಮೇಲೊಂದು ಸಿಡಿ ಇತ್ತು. ಅದು ನಾಲ್ಕು ದಿನ ನನ್ನನ್ನು ಬೇರೆ ಕೆಲಸಕ್ಕೆ ಬಿಡಲಿಲ್ಲ. ದಾಸರ ಪದಗಳು ಒಂದು ವಾರ ಕಾಯಲಿ.

ಬಾಗಿಲು ಮುಚ್ಚಲಿರುವ ಒಂದು ಕ್ಯಾಸೆಟ್ ಅಂಗಡಿಯವರು ಅದನ್ನು ನನಗೆಂದೇ ತೆಗೆದಿಟ್ಟಿದ್ದರು. "ಇದು ನಿಮ್ಮ ಮಾಲು ನೋಡ್ರಿ ಸರ, ಬ್ಯಾರೆ ಯಾರೂ ಒಯ್ಯಂಗಿಲ್ಲ" ಅಂದರು. 78 ವೇಗದ ತಟ್ಟೆಗಳ ಕಾಲದ ಹಲವು ಗಾಯಕಿಯರ ಹಾಡುಗಳನ್ನು ಒಟ್ಟುಮಾಡಿ ಬಹಳ ಹಿಂದೆ ಹೊರತಂದ ಸಿಡಿ. ರಟ್ಟಿನ ಮೂಲೆ ಬಣ್ಣಗೆಟ್ಟಿತ್ತು. ಪಟ್ಟಿಯಲ್ಲಿ ಎರಡು ಹಾಡಿನ ಮುಂದೆ ಒಂದೇ ಹೆಸರು: ಗಾಂಧಾರಿ.

ಮನೆಗೆ ಬಂದು ಹಚ್ಚಿದಾಗ ಒಳಗಿನಿಂದ ಮಾತು ಬಂತು: "ಈ ಹಾಡು ನಮ್ಮನ್ಯಾಗ ಆಗಲೇ ಅದ ಅಲ್ರಿ?" ಹೌದು, ಕ್ಯಾಸೆಟ್ಟಿನಲ್ಲಿದೆ. ಇಪ್ಪತ್ತು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಆದರೆ ಇದು ಅದಲ್ಲ. ಕ್ಯಾಸೆಟ್ಟಿನ ಗಾಂಧಾರಿಗೂ ಸಿಡಿಯ ಗಾಂಧಾರಿಗೂ ವಯಸ್ಸಿನಲ್ಲೇ ವ್ಯತ್ಯಾಸವಿರುವ ಹಾಗೆ ಕೇಳಿಸಿತು. ಸಿಡಿಯವಳು ಇನ್ನೂ ಸಣ್ಣ ಹುಡುಗಿ. ಮುದ್ರಣ ಒಂದೇ, ಹಾಡಿದವರು ಒಬ್ಬರೇ. ಹಾಗಾದರೆ ಈ ವ್ಯತ್ಯಾಸ ಎಲ್ಲಿಂದ ಬಂತು?

ಗಾಂಧಾರಿ ಯಾರೆಂದು ಈ ಅಂಕಣದ ಓದುಗರಿಗೆ ಹೇಳಬೇಕಾಗಿಲ್ಲ. ಆದರೂ ಹೊಸಬರಿಗಾಗಿ ಎರಡು ಮಾತು. 1930ರ ದಶಕದಲ್ಲಿ ಎಚ್‌ಎಂವಿ ತಟ್ಟೆಗಳ ಮೇಲೆ ಈ ಹೆಸರಿನಿಂದ ಬಂದವರೇ ನಮ್ಮ ಗಂಗೂಬಾಯಿ ಹಾನಗಲ್. 1913ರ ಮಾರ್ಚ್ 5ರಂದು ಧಾರವಾಡದ ಶುಕ್ರವಾರಪೇಟೆಯಲ್ಲಿ ಹುಟ್ಟಿದರು. ಹುಬ್ಬಳ್ಳಿಯ ದೇಶಪಾಂಡೆನಗರದಲ್ಲಿ ಬಾಳಿದರು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲೇ ತೀರಿಕೊಂಡರು. ಈ ಎರಡೂ ಮನೆಗಳ ನಡುವಿನ ದಾರಿಯ ಮೇಲೇ ಸತ್ತೂರಿದೆ. ಪಿ.ಬಿ. ರಸ್ತೆಯಲ್ಲಿ ದಿನಾ ಓಡಾಡುವಾಗ ಇದು ನನ್ನ ನೆನಪಿಗೆ ಬರುತ್ತಲೇ ಇರುತ್ತದೆ.

ನಾವು ಕಣ್ಣಾರೆ ಕಂಡು ಕೇಳಿದ ಗಂಗೂಬಾಯಿಯವರ ದನಿ ಗಂಡುದನಿಯಷ್ಟೇ ಗಟ್ಟಿ, ನೆಲಕ್ಕೆ ಹತ್ತಿದ ದನಿ. ಮೊದಲ ಸಲ ಕೇಳಿದವರು ತಿರುಗಿ ವೇದಿಕೆ ನೋಡುತ್ತಿದ್ದರು. ಹರೆಯದಲ್ಲಿ ಅದು ಹಾಗಿರಲಿಲ್ಲ. ಗಂಟಲಿನ ಬೇನೆ, ಅದಕ್ಕೆ ಮಾಡಿಸಿದ ಚಿಕಿತ್ಸೆ, ಇವುಗಳ ನಂತರ ದನಿ ಕೆಳಗಿಳಿಯಿತು. ಅದಕ್ಕೂ ಮೊದಲಿನ ಸಣ್ಣ, ಎತ್ತರದ ಕಂಠಕ್ಕೆ ಸಾಕ್ಷಿಯಾಗಿ ಉಳಿದಿರುವುದು ಗಾಂಧಾರಿಯ ತಟ್ಟೆಗಳು ಮಾತ್ರ.

ಕಂಠದ ಮಾತು ಒಂದಾದರೆ ಹಾಡಿಕೆಯ ಬಗೆಯದು ಇನ್ನೊಂದು. ಗಾಂಧಾರಿ ಲಘುವಾದದ್ದನ್ನೂ ಹಾಡಿದರು: ಠುಮರಿ, ಭಜನೆ, ಜಿ.ಎನ್. ಜೋಶಿಯವರ ಜೊತೆ ಮರಾಠಿ ಭಾವಗೀತೆ. ಈ ಜೋಶಿಯವರು ವಕೀಲಿ ಓದಿ ಹಾಡಿಗೆ ಬಂದವರು. 1930ರ ದಶಕದಲ್ಲಿ ಅವರ ಭಾವಗೀತೆಯ ತಟ್ಟೆಗಳು ಮನೆಮನೆಯಲ್ಲಿ ತಿರುಗಿದವು. ಮುಂದೆ ಎಚ್‌ಎಂವಿಯಲ್ಲೇ ಧ್ವನಿಮುದ್ರಣದ ಹೊಣೆ ಹೊತ್ತು ದೊಡ್ಡ ದೊಡ್ಡವರನ್ನು ಮೈಕಿನ ಮುಂದೆ ಕೂರಿಸಿದರು. ಅವರ ನೆನಪುಗಳ ಪುಸ್ತಕ 'ಡೌನ್ ಮೆಲೊಡಿ ಲೇನ್' ನನ್ನ ಮೇಜಿನ ಮೇಲಿಂದ ಕಪಾಟಿಗೆ ಹೋದದ್ದೇ ಕಡಿಮೆ. ಆಗ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ಮರಾಠಿ ಹಾಡು ಇಲ್ಲಿಯವರಿಗೆ ಹೊರಗಿನದಾಗಿರಲಿಲ್ಲ. ದಕ್ಷಿಣದಲ್ಲಿ ಕನ್ನಡ ಕವಿತೆಗೆ ರಾಗ ಹಚ್ಚಿ ಜನರ ಬಾಯಿಗೆ ತಂದ ಪಿ. ಕಾಳಿಂಗರಾಯರು ಗಂಗೂಬಾಯಿಯವರಿಗಿಂತ ಒಂದೇ ವರ್ಷಕ್ಕೆ ಚಿಕ್ಕವರು, 1914ರಲ್ಲಿ ಹುಟ್ಟಿದವರು. ಒಂದೇ ತಲೆಮಾರು, ಒಂದೇ ಗೀಳು. ಒಬ್ಬರು ಭಾವಗೀತೆಯನ್ನೇ ಬಾಳಾಗಿಸಿಕೊಂಡರು, ಇನ್ನೊಬ್ಬರು ಅದನ್ನು ಬಿಟ್ಟುಕೊಟ್ಟರು.

ಬಿಟ್ಟುಕೊಟ್ಟರು ಎಂಬ ಮಾತನ್ನು ತಿಳಿದೇ ಬರೆದಿದ್ದೇನೆ. 1945ರ ನಂತರ ಗಂಗೂಬಾಯಿ ಠುಮರಿ, ಭಜನೆ ಹಾಡಲಿಲ್ಲ, ಖಯಾಲಿಗೇ ನಿಂತರು. 'ನನ್ನ ಬದುಕಿನ ಹಾಡು' ಓದಿದವರಿಗೆ ಈ ನಿರ್ಧಾರದ ಬೇರು ಎಲ್ಲಿದೆಯೆಂದು ಹೊಳೆಯುತ್ತದೆ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದವರು. ಮಗಳ ಹಿಂದೂಸ್ತಾನಿ ಕೆಡಬಾರದೆಂದು ತಮ್ಮ ಹಾಡನ್ನೇ ನಿಲ್ಲಿಸಿದ ತಾಯಿ. ಮಗಳು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಮುಂದೆ ಕೂತು, ರಾತ್ರಿ ಮರಳಿ ಬರುವುದು. ದಿನಗಟ್ಟಲೆ ಒಂದೇ ಪಲುಕು. ಜಿಪುಣ ದುಡ್ಡು ಬಿಚ್ಚುವ ಹಾಗೆ ಸ್ವರ ಬಿಚ್ಚಬೇಕು ಎಂಬುದು ಗುರುಗಳ ಪಾಠ. ಹೀಗೆ ಕಲಿತವರಿಗೆ ಹತ್ತಿಂಚಿನ ತಟ್ಟೆಯ ಮೂರು ಚಿಲ್ಲರೆ ನಿಮಿಷ ಎಷ್ಟು ಇಕ್ಕಟ್ಟು! ಗಾಂಧಾರಿ ಆ ಇಕ್ಕಟ್ಟಿನಲ್ಲಿ ಜಿಪುಣತನ ಮಾಡುವುದಿಲ್ಲ, ಎರಡೂ ಕೈಯಿಂದ ಕೊಡುತ್ತಾಳೆ. ಗಂಗೂಬಾಯಿಯವರಲ್ಲಿ ಆ ಧಾರಾಳ ಮತ್ತೆ ಸಿಗುವುದಿಲ್ಲ. ಅದು ಬೇಕೆಂದರೆ ಆ ತಟ್ಟೆಗಳಿಗೇ ಹೋಗಬೇಕು, ತಟ್ಟೆ ಸಿಗದಿದ್ದರೆ ಮರುಬಿಡುಗಡೆಗೆ.

ಈಗ ಸಿಡಿಯ ಮಾತು. ಬುಧವಾರ ಬೆಳಿಗ್ಗೆ ನಮ್ಮ ಅಪ್ಪನ ಕಾಲದ ಹಾರ್ಮೋನಿಯಂ ಪೇಟಿಯನ್ನು ಕಪಾಟಿನ ಕೆಳಗಿನಿಂದ ಎಳೆದು ಧೂಳು ಒರೆಸಿದೆ. 78ರ ಕಾಲದ ಹಾಡುಗಳಲ್ಲಿ ಪೇಟಿಯ ಸಾಥ್ ಇದ್ದರೆ ಸಂಗ್ರಾಹಕನಿಗೆ ಅದೇ ಅಳತೆಗೋಲು. ಸಾರಂಗಿಯನ್ನು ಹಾಡುವವರ ಕಂಠಕ್ಕೆ ಹೇಗೆ ಬೇಕಾದರೂ ಏರಿಸಿ ಇಳಿಸಿ ಕೂಡಿಸಬಹುದು, ಪೇಟಿಯ ಪಟ್ಟಿ ಮಾತ್ರ ಇದ್ದಲ್ಲೇ ಇರುತ್ತದೆ. ಹಳೆಯ ಪೇಟಿಗಳ ಶ್ರುತಿ ಸ್ವಲ್ಪ ಹೆಚ್ಚುಕಡಿಮೆ ಇದ್ದೀತು, ಸಾಮಾನ್ಯವಾಗಿ ಅರ್ಧ ಪಟ್ಟಿಯಷ್ಟಲ್ಲ. ಸಿಡಿ ಹಚ್ಚಿ, ಹಾಡಿನ ಹಿಂದಿನ ಪೇಟಿಯ ಸಾ ಹಿಡಿಯಲು ನೋಡಿದೆ. ಬಿಳಿ ಪಟ್ಟಿ ಒತ್ತಿದರೆ ಹಾಡು ಮೇಲೆ, ಅದರ ಪಕ್ಕದ ಕರಿ ಪಟ್ಟಿ ಒತ್ತಿದರೆ ಹಾಡು ಕೆಳಗೆ. ಎರಡರ ನಟ್ಟನಡುವೆ, ಯಾವ ಪೇಟಿಯಲ್ಲೂ ಇಲ್ಲದ ಜಾಗದಲ್ಲಿ ಅವರ ಪೇಟಿ ನುಡಿಯುತ್ತಿತ್ತು.

ಅಂದರೆ ತಟ್ಟೆಯಿಂದ ಸಿಡಿಗೆ ಇಳಿಸುವಾಗ ವೇಗ ತಪ್ಪಿದೆ. 78 ಎಂಬುದು ಹೆಸರಿಗೆ 78. ಆ ಕಾಲದ ಮುದ್ರಣಗಳಲ್ಲಿ ಎರಡು ಮೂರು ಸುತ್ತು ಹೆಚ್ಚುಕಡಿಮೆ ಇರುವುದು ಸಾಮಾನ್ಯ. ನಿಮಿಷಕ್ಕೆ 74 ಸುತ್ತಿನಲ್ಲಿ ಮುದ್ರಿಸಿದ್ದನ್ನು 78ರಲ್ಲಿ ತಿರುಗಿಸಿದರೆ ಹಾಡು ಹತ್ತಿರ ಹತ್ತಿರ ಒಂದು ಪಟ್ಟಿ ಏರಿಬಿಡುತ್ತದೆ, ತಾನಗಳು ಓಡುತ್ತವೆ, ಮೂವತ್ತರವರು ಹದಿನೆಂಟರವರಾಗುತ್ತಾರೆ. ನನ್ನ ಸಿಡಿಯ ತಪ್ಪು ಅದರ ಅರ್ಧ. ಕಂಪ್ಯೂಟರಿಗೆ ಹಾಕಿ ಶೇಕಡಾ 3ರಷ್ಟು ನಿಧಾನ ಮಾಡಿದೆ. ಮೂರು ನಿಮಿಷದ ಹಾಡು ಐದಾರು ಸೆಕೆಂಡು ಉದ್ದವಾಯಿತು, ಬಿಳಿ ಪಟ್ಟಿಯ ಮೇಲೆ ಬಂದು ಕೂತಿತು. ಶೇಕಡಾ 3ರಷ್ಟು ಜೋರು ಮಾಡಿಯೂ ನೋಡಿದೆ. ಕರಿ ಪಟ್ಟಿಗೆ ಕೂಡಿತಾದರೂ ಮಾತು ಮಾತಾಗಿ ಉಳಿಯಲಿಲ್ಲ, ಉಸಿರು ತೆಗೆದುಕೊಳ್ಳುವ ಸದ್ದು ಬಿಕ್ಕಳಿಕೆಯಂತಾಯಿತು. ಬಿಳಿಯದೇ ಸರಿ ಎಂದು ಸಿಡಿಯ ರಟ್ಟಿನ ಒಳಗೆ ಪೆನ್ಸಿಲಿನಲ್ಲಿ ಬರೆದಿಟ್ಟೆ.

ನಿಧಾನ ಮಾಡಿ ಕೇಳಿದಾಗ ಏನಾಯಿತು ಗೊತ್ತೇ? ಕಂಠ ಎತ್ತರದ್ದೇ, ಹೆಣ್ಣುಮಗಳದ್ದೇ. ಆದರೆ ಅದರ ತಳದಲ್ಲಿ ಒಂದು ಗಟ್ಟಿತನ ಕೇಳಿಸಿತು. ಷಡ್ಜದ ಮೇಲೆ ನಿಂತಾಗ ದನಿಯ ಅಂಚು ಒರಟಾಗಿ ಹೊಳೆಯಿತು. ಮುಂದಿನ ಗಂಗೂಬಾಯಿ ಅದರೊಳಗೇ ಇದ್ದರು. ಕಾಯಿಲೆ ಬಂದು ದನಿ ಪೂರ್ತಿ ಬೇರೆಯಾಯಿತು, ಇಬ್ಬರು ಹಾಡುಗಾರ್ತಿಯರಿದ್ದ ಹಾಗೆ ಎಂದು ನಾವೆಲ್ಲ ಇಷ್ಟು ವರ್ಷ ಹೇಳುತ್ತ ಬಂದಿದ್ದೇವೆ. ನಾನೂ ಇದೇ ಅಂಕಣದಲ್ಲಿ ಹಾಗೆ ಬರೆದಿದ್ದೇನೆ. ದನಿ ಬದಲಾದದ್ದು ದಿಟ. ಆದರೆ ಆ ಎರಡು ದನಿಗಳ ನಡುವಿನ ದೂರವನ್ನು ವೇಗ ತಪ್ಪಿದ ಮರುಮುದ್ರಿಕೆಗಳು ಒಂದಿಷ್ಟು ಹಿಗ್ಗಿಸಿವೆ ಎಂಬ ಅನುಮಾನ ನನಗೀಗ ಬಲವಾಗಿದೆ.

ಇಲ್ಲಿ ಒಂದು ಹಳೆಯ ಲೆಕ್ಕ ಚುಕ್ತಾ ಮಾಡಬೇಕು. ಕೆಲವು ವರ್ಷಗಳ ಹಿಂದೆ ಧಾರವಾಡದಲ್ಲಿ ನಾಲ್ಕು ಜನ ಸಂಗ್ರಾಹಕರು ಕೂತಾಗ, ಮೂಲ ತಟ್ಟೆಯನ್ನಲ್ಲದೆ ಬೇರೇನನ್ನೂ ಮುಟ್ಟದ ಹಿರಿಯರೊಬ್ಬರು ನನ್ನ ಕಡೆ ತಿರುಗಿ, "ಮರುಬಿಡುಗಡೆ ಕೂಡಿಸೋದಂದ್ರ ಊಟದ ಫೋಟೋ ನೋಡಿ ಕೈ ತೊಳಕೊಂಡಂಗ" ಎಂದರು. ಎಲ್ಲರೂ ನಕ್ಕರು. ಆಗ ಉತ್ತರ ಹೊಳೆಯಲಿಲ್ಲ, ಈಗ ಹೇಳುತ್ತೇನೆ. ಅರಗು, ಕಲ್ಲಿನ ಪುಡಿ, ಮಸಿ ಕೂಡಿಸಿ ಒತ್ತಿದ ತಟ್ಟೆಯ ಮೇಲೆ ಉಕ್ಕಿನ ಮುಳ್ಳು ಓಡಿದಾಗಲೆಲ್ಲ ಗೆರೆಯ ಗೋಡೆ ಸವೆಯುತ್ತದೆ. ಬಹಳ ಸಲ ಕೇಳಿದ ತಟ್ಟೆ, ಅಂದರೆ ಬಹಳ ಪ್ರೀತಿಸಿದ ತಟ್ಟೆ, ಎಲ್ಲಕ್ಕಿಂತ ಹೆಚ್ಚು ಸವೆದಿರುತ್ತದೆ. ಮದುವೆ ಮನೆಗಳಲ್ಲಿ ಓಡಿದ ತಟ್ಟೆಯಲ್ಲಿ ತಾರ ಸಪ್ತಕ ಬರೀ ಕರಕರ ಸದ್ದಾಗಿ ಉಳಿದಿರುತ್ತದೆ. ಕಾರಖಾನೆಯ ಲೋಹದ ಅಚ್ಚಿನಿಂದಲೋ, ಯಾರೋ ಕೇಳದೆ ಇಟ್ಟ ಪ್ರತಿಯಿಂದಲೋ ಮಾಡಿದ ಮರುಮುದ್ರಿಕೆಯಲ್ಲಿ ಆ ತಾರ ಸಪ್ತಕ ಇರುತ್ತದೆ. ಮೂಲ ತಟ್ಟೆಗೆ ನಾನೂ ಕೈ ಮುಗಿಯುತ್ತೇನೆ. ಹಾಡು ಮಾತ್ರ ಎಲ್ಲಿ ಹೆಚ್ಚು ಉಳಿದಿದೆಯೋ ಅಲ್ಲೇ ಕೇಳುತ್ತೇನೆ.

ಇದಕ್ಕೆ ಎದುರು ದಿಕ್ಕಿನ ತಪ್ಪು ಮಾಡುವವರ ಮೇಲೆ ನನ್ನ ಸಿಟ್ಟು ಇನ್ನೂ ದೊಡ್ಡದು. ಕರಕರ ಸದ್ದು ತೆಗೆದುಬಿಟ್ಟರೆ ಹೊಸ ಕಾಲದ ಕಿವಿಗೆ ಹಿತ ಎಂದುಕೊಂಡವರು ಅವರು. ತಟ್ಟೆಯ ಸುಯ್ ಸದ್ದು ಇರುವ ಎತ್ತರದಲ್ಲೇ ತಂಬೂರಿಯ ಜವಾರಿಯೂ ಇದೆ, ಸಕಾರ ಶಕಾರಗಳ ಗಾಳಿಯೂ ಇದೆ. ಜರಡಿ ಹಿಡಿದರೆ ಮೂರೂ ಹೋಗುತ್ತವೆ. ಆಮೇಲೆ ಉಳಿಯುವ ದನಿ ಕೌದಿ ಹೊದ್ದುಕೊಂಡು ಒಳಗಿನಿಂದ ಹಾಡಿದ ಹಾಗಿರುತ್ತದೆ. ಟಪ್ ಎನ್ನುವ ಗೀರುಗಳನ್ನು ಒಂದೊಂದಾಗಿ ಆರಿಸಿ ತೆಗೆಯಲಿ, ಅದು ಅಕ್ಕಿಯಲ್ಲಿನ ಹರಳು ಆರಿಸಿದಂತೆ. ಸುಯ್ ಸದ್ದನ್ನು ಬಿಡಲಿ. ಎರಡು ನಿಮಿಷದಲ್ಲಿ ಕಿವಿ ಅದನ್ನು ತಾನೇ ಬದಿಗಿಡುತ್ತದೆ, ಮಳೆಯ ಸದ್ದಿನಲ್ಲಿ ಮಾತಾಡುತ್ತ ಕೂತಂತೆ.

ಇನ್ನು ರಟ್ಟಿನ ಬೆನ್ನು. ಎಷ್ಟು ಸಲ ಬರೆದಿದ್ದೇನೆ, ಇನ್ನೊಮ್ಮೆ ಬರೆಯುತ್ತೇನೆ: ತಟ್ಟೆಯ ನಂಬರು, ಮ್ಯಾಟ್ರಿಕ್ಸ್ ನಂಬರು, ಮುದ್ರಣದ ವರ್ಷ, ಸಾಥಿದಾರರ ಹೆಸರು, ಇಳಿಸಿದ ವೇಗ, ಇವಿಲ್ಲದ ಮರುಬಿಡುಗಡೆ ಊರ ಹೆಸರಿಲ್ಲದ ಲಗ್ನಪತ್ರಿಕೆ. ಮೈಕೆಲ್ ಕಿನ್ನಿಯರ್ ಎಂಬ ಆಸ್ಟ್ರೇಲಿಯಾದ ಸಂಶೋಧಕ ನಮ್ಮ ಕಿರಾನಾ ಘರಾಣೆಯ ಮೂಲಪುರುಷ ಅಬ್ದುಲ್ ಕರೀಂ ಖಾನರ ತಟ್ಟೆಗಳನ್ನು ನಂಬರು ಸಮೇತ ಹುಡುಕಿ 2003ರಲ್ಲಿ ಪುಸ್ತಕ ಮಾಡಿದರು. 1990ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಭಾರತೀಯ ರಿಕಾರ್ಡ್ ಸಂಗ್ರಾಹಕರ ಸಂಘದವರು ವರ್ಷಗಟ್ಟಲೆ ಇದೇ ಕೆಲಸ ಮಾಡಿದ್ದಾರೆ. ಬಾಲಕಿ ಗಂಗೂಬಾಯಿಯ ಹಾಡು ಕೇಳಿ ಕಂಠ ಚೆನ್ನಾಗಿದೆ, ಚೆನ್ನಾಗಿ ಉಂಡು ಚೆನ್ನಾಗಿ ಹಾಡು ಎಂದು ಹರಸಿದವರು ಕರೀಂ ಖಾನರೇ. ಗುರುಪರಂಪರೆಯ ಅಜ್ಜನಿಗೆ ಸಿಕ್ಕ ಇಂಥ ಪುಸ್ತಕ ಮೊಮ್ಮಗಳ ಗಾಂಧಾರಿ ಕಾಲಕ್ಕೂ ಬೇಕು. ಅದು ನಮ್ಮ ಹುಬ್ಬಳ್ಳಿ-ಧಾರವಾಡದಲ್ಲೇ ಆಗಬೇಕಾದ ಕೆಲಸ.

ಅದಕ್ಕೇ ಓದುಗರಲ್ಲಿ ಒಂದು ಕೇಳಿಕೆ. ಶುಕ್ರವಾರಪೇಟೆ, ಮಾಳಮಡ್ಡಿ, ಹಳೇ ಹುಬ್ಬಳ್ಳಿ, ಕುಂದಗೋಳದ ಕಡೆಯ ಹಳೆಯ ಮನೆಗಳ ಅಟ್ಟದ ಮೇಲೆ ಗಾಂಧಾರಿಯ ತಟ್ಟೆಗಳಿದ್ದರೆ ಇಳಿಸಿ ನೋಡಿ. ಸ್ಪಿರಿಟ್ ಹಚ್ಚಿ ಒರೆಸಬೇಡಿ, ಅರಗು ಕರಗಿ ಹಾಡೇ ಹೋಗುತ್ತದೆ. ತಣ್ಣೀರಿಗೆ ಒಂದು ಹನಿ ಸಾಬೂನು ಸಾಕು, ನಡುವಿನ ಕಾಗದಕ್ಕೆ ನೀರು ತಾಕಬಾರದು. ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿ ಇಡಿ. ಬಿರುಕು ಬಿಟ್ಟಿದ್ದರೂ ಎಸೆಯಬೇಡಿ. ಅದರ ನಡುವಿನ ಕಾಗದದ ಮೇಲಿರುವ ನಂಬರನ್ನೂ, ಅದರ ಪಕ್ಕದ ನುಣುಪು ಜಾಗದಲ್ಲಿ ಕೊರೆದ ನಂಬರನ್ನೂ ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಹಾಡಿನಲ್ಲಿ ಪೇಟಿ ಕೇಳಿಸುತ್ತದೆಯೇ ಎಂಬುದನ್ನೂ ಒಂದು ಸಾಲು ಬರೆಯಿರಿ.

ದಾಸರ ಪದಗಳು ಮುಂದಿನ ವಾರ.